ಸವಾಲ್ ಧುತ್ತರಗಿಯವರದು, ಶಿಳ್ಳಿ ಎಮ್ಮಿ ಮ್ಯಾಲಿನ ರಾಜಕುಮಾರಗ!

ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಧಾರವಾಡದ ಗಾಡಿಗೆ ನಿಂತ ಯಾರನ್ನಾದರೂ ಹಿಡಿದು ‘ಸಂಪತ್ತಿಗೆ ಸವಾಲ್’ ಯಾರದು ಅಂತ ಕೇಳಿ ನೋಡಿರಿ. ರಾಜಕುಮಾರಂದು ಅಂತ ಥಟ್ಟನೆ ಉತ್ತರ ಬರುತ್ತದೆ. ಎಮ್ಮಿ ಮ್ಯಾಲೆ ಕೂತು ಹಾಡಿದ್ದು ಯಾರಿಗೆ ಗೊತ್ತಿಲ್ಲ? ಜಾತ್ರಿಯ ತಗಡಿನ ಥೇಟರಿನಲ್ಲಿ ರಾತ್ರಿ ಬೆಳಗು ಮಾಡಿದ ಹಳೇ ಮನುಷ್ಯ ಯಾವನಾದರೂ ಅಲ್ಲಿದ್ದರೆ ಮಾತ್ರ ಖರೇ ಹೆಸರು ಹೊರಬಿದ್ದೀತು: ಪಿ.ಬಿ. ಧುತ್ತರಗಿ.

ಧುತ್ತರಗಿಯವರು ಹುನಗುಂದ ತಾಲೂಕಿನ ಸೂಳೇಬಾವಿಯವರು. ಸೀರೆ ನೇಯುವವರ ಊರು. ಆಗ ಬಿಜಾಪುರ ಜಿಲ್ಲೆ, 1997ರಲ್ಲಿ ಬಾಗಲಕೋಟೆಯ ಪಾಲಾಯಿತು. 1920ರ ದಶಕದ ಕೊನೆಗೆ ಹುಟ್ಟಿದ ಈ ಹುಡುಗನ ತಲೆಗೆ ಹೊಕ್ಕಿದ್ದು ನಾಟಕದ ಹುಚ್ಚು. ಬಣ್ಣ ಹಚ್ಚಿದರು, ಕಂಪನಿ ಕಂಡರು, ಕಡೆಗೆ ಪೆನ್ನು ಹಿಡಿದರು. ಕೈಹಿಡಿದ ಸರೋಜಮ್ಮನವರೂ ರಂಗದ ಮೇಲಿನವರೇ. ಹೀಗಾಗಿ ಮನೆಯೂ ನಾಟಕ, ಹೊಟ್ಟೆಪಾಡೂ ನಾಟಕ. ಬರೆದ ನಾಟಕಗಳು ಅರವತ್ತರ ಆಸುಪಾಸು. ‘ಮುದುಕನ ಮದುವೆ’ ನೋಡಿ ಹೊಟ್ಟೆ ಹಿಡಿದು ನಕ್ಕವರಿಗೆ ಲೆಕ್ಕವಿಲ್ಲ. ಅದೂ ಇವರದೇ.

ಕಂಪನಿ ನಾಟಕ ಬರೆಯುವುದು ಅಂದರೆ ಕುರ್ಚಿಯಲ್ಲಿ ಕೂತು ಕವಿತೆ ಕಟ್ಟಿದಂತಲ್ಲ. ಹಿಂದೆ ಸಾವಕಾರನ ವಾಡೆ ಎಬ್ಬಿಸುವ ತನಕ ಮುಂದೆ ರಸ್ತೆ ಪರದೆ ಬಿಟ್ಟು ಹಾಸ್ಯದವರು ಮಂದಿಯನ್ನು ಹಿಡಿದಿಡಬೇಕು. ಅಷ್ಟು ನಿಮಿಷಕ್ಕೆ ಅಷ್ಟೇ ಮಾತು ಬರೆಯಬೇಕು. ಪೇಟಿ ಮಾಸ್ತರ ಎಲ್ಲಿ ಸುರ ಹಿಡಿಯುತ್ತಾನೆ, ಖಳನಾಯಕ ಎಲ್ಲಿ ಮೀಸೆ ತಿರುವುತ್ತಾನೆ, ಹೆಣ್ಣುಮಕ್ಕಳು ಎಲ್ಲಿ ಸೆರಗಿನಿಂದ ಕಣ್ಣೊರೆಸುತ್ತಾರೆ ಎಂಬುದೆಲ್ಲ ಮೊದಲೇ ತಲೆಯಲ್ಲಿರಬೇಕು. ಮಂದಿ ಕೈ ಎತ್ತಿದರೆ ಬನಶಂಕರಿ ಜಾತ್ರಿಯಲ್ಲಿ ತಿಂಗಳುಗಟ್ಟಲೆ ಓಡಿತು. ಇಲ್ಲಾಂದ್ರ ಕಂಪನಿಯ ಒಲೆಗೆ ಬೆಂಕಿ ಇಲ್ಲ.

‘ಸಂಪತ್ತಿಗೆ ಸವಾಲ್’ ಕೈ ಎತ್ತಿದ ನಾಟಕ. ಒಂದು ಕಡೆ ರೊಕ್ಕದ ಮದ, ಇನ್ನೊಂದು ಕಡೆ ಬಡವನ ಸೆಟೆದ ಬೆನ್ನು. ಸಾವಕಾರರ ಮನೆಯ ಸೊಕ್ಕಿನ ಹುಡುಗಿ, ಯಾರಿಗೂ ತಲೆಬಾಗದ ರೈತರ ಹುಡುಗ, ಸುಳ್ಳು ಅಪವಾದ, ಮನೆಮಂದಿಯ ನಡುವೆ ಬಿರುಕು. ಊರ ಸಾವಕಾರನ ಬಡ್ಡಿ ಲೆಕ್ಕ ಕಂಡ ರೈತನಿಗೆ ಇದು ಕಥೆ ಅನ್ನಿಸಲೇ ಇಲ್ಲ, ತನ್ನ ಓಣಿಯ ಸುದ್ದಿ ಅನ್ನಿಸಿತು. ಅದೇ ಇದರ ಗುಟ್ಟು.

ಈ ಗುಟ್ಟು ಸಿನೆಮಾದವರ ಮೂಗಿಗೆ ಬಡಿಯಿತು. ಸಂಸಾರದ ನಾಟಕ ತೆರೆಗೆ ಹೋಗಿದ್ದು ಅದೇ ಮೊದಲಲ್ಲ. ಎಚ್.ಎಲ್.ಎನ್. ಸಿಂಹ ಅವರು ‘ಸಂಸಾರ ನೌಕೆ’ ನಾಟಕವನ್ನು 1936ರಷ್ಟು ಹಿಂದೆಯೇ ಮದ್ರಾಸಿಗೆ ಒಯ್ದು ಚಿತ್ರ ಮಾಡಿ ಗೆದ್ದಿದ್ದರು. ಆದರೆ ಅದು ಮೈಸೂರು ಸೀಮೆಯ ಸರಕು. ಜ್ವಾಳದ ರೊಟ್ಟಿ ಸೀಮೆಯ ಕಂಪನಿ ನಾಟಕವೊಂದು ರಾಜಕುಮಾರರ ಕೈಗೆ ಹೋಗಿದ್ದು ದೊಡ್ಡ ಮಾತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು 1973ರ ನವೆಂಬರದಲ್ಲಿ, ಚಿತ್ರ ಬಂದಿದ್ದು 1974ರಲ್ಲಿ. ಹೆಸರು ಒಂದಾದ ಬೆನ್ನಿಗೇ ಕಥೆಯೂ ಒಂದಾಯಿತು ಅನ್ನಿ.

ನಿರ್ದೇಶನ ಎ.ವಿ. ಶೇಷಗಿರಿರಾವ್, ಸಂಗೀತ ಜಿ.ಕೆ. ವೆಂಕಟೇಶ್. ಭದ್ರನಾಗಿ ರಾಜಕುಮಾರ, ದುರ್ಗಾ ಆಗಿ ಮಂಜುಳಾ, ಸಾವಕಾರ ಸಿದ್ದಪ್ಪನಾಗಿ ವಜ್ರಮುನಿ, ಜೊತೆಗೆ ಬಾಲಕೃಷ್ಣ. ಇಲ್ಲೊಂದು ಅದೃಷ್ಟದ ಮಾತಿದೆ. ರಾಜಕುಮಾರರು ಗುಬ್ಬಿ ಕಂಪನಿಯ ಅನ್ನ ಉಂಡವರು. ಬಾಲಕೃಷ್ಣ, ವಜ್ರಮುನಿ ಕೂಡ ರಂಗದಿಂದ ಬಂದವರೇ. ಕಂಪನಿ ಮಾತಿನ ಏರಿಳಿತ ಇವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕ್ಯಾಮರಾದ ಮುಂದೆ ಆ ದನಿಯನ್ನು ಎಷ್ಟು ತಗ್ಗಿಸಬೇಕು ಎಂಬುದಷ್ಟೇ ಪ್ರಶ್ನೆ.

ನಾಟಕ ಸಿನೆಮಾ ಆಗುವಾಗ ಕೆಲವು ಉದುರಲೇಬೇಕು. ರಸ್ತೆ ಪರದೆ ಹೋಯಿತು, ಕ್ಯಾಮರಾಕ್ಕೆ ಅದರ ಗರಜಿಲ್ಲ. ಜವಾರಿ ಮಾತಿನ ಖಾರ ಇಳಿಯಿತು, ಮಂಡ್ಯ-ಮೈಸೂರಿನವರಿಗೂ ತಿಳಿಯಬೇಕಲ್ಲ! ಇಲ್ಲಿನ ಮಂದಿಗೆ ಅದೊಂದು ಕೊರತೆಯೇ. ಬದಲಿಗೆ ಬಯಲು ಬಂತು, ಹೊಲ ಬಂತು, ಎಮ್ಮಿ ಬಂತು. ಸ್ಟೇಜಿನ ಹಲಗೆಯ ಮ್ಯಾಲೆ ಎಮ್ಮಿ ಹತ್ತಿಸೋದು ಆಗೋ ಮಾತೇನ್ರಿ?

ಆ ಎಮ್ಮಿಯೇ ಇತಿಹಾಸ ಮಾಡಿತು. ಆವರೆಗೆ ರಾಜಕುಮಾರರ ದನಿ ಅಂದರೆ ಪಿ.ಬಿ. ಶ್ರೀನಿವಾಸ. 1950ರ ದಶಕದಲ್ಲಿ ಎಲ್ಲೋ ಒಂದೆರಡು ಕಡೆ ಹಾಡಿದ್ದು ಬಿಟ್ಟರೆ ರಾಜಕುಮಾರರು ಬಾಯಿ ಆಡಿಸುವವರಷ್ಟೇ. ಎಮ್ಮಿಯ ಹಾಡನ್ನು ವೆಂಕಟೇಶ್ ಅವರಿಂದಲೇ ಹಾಡಿಸಿದರು. ರಾಜ್ಯವೇ ಹುಚ್ಚೆದ್ದಿತು. ಮುಂದೆ ಅವರ ಪಾತ್ರಕ್ಕೆ ಅವರದೇ ಕಂಠ ಎಂಬುದು ರೂಢಿಯಾಯಿತು. ಹೀಗೆ ಒಂದೇ ಚಿತ್ರ ಒಬ್ಬ ಪಿ.ಬಿ.ಯ ಕೆಲಸ ಕಡಿಮೆ ಮಾಡಿತು, ಇನ್ನೊಬ್ಬ ಪಿ.ಬಿ.ಯ ಹೆಸರನ್ನೇ ಮರೆಸಿತು.

ಚಿತ್ರ ಗೆದ್ದರೆ ನಾಟಕ ಸೋತಂತೆಯೇ? ಅರ್ಧ ಹೌದು, ಅರ್ಧ ಅಲ್ಲ. ಸಿನೆಮಾ, ಆಮೇಲೆ ಟೀವಿ ಬಂದು ಕಂಪನಿಗಳು ಒಂದೊಂದಾಗಿ ಗಂಟು ಕಟ್ಟಿದವು. ಕಂಪನಿಯ ಕಥೆ ತಿಂದು ಬೆಳೆದ ಸಿನೆಮಾ ಕಂಪನಿಯ ಮಂದಿಯನ್ನೂ ಕಸಿದುಕೊಂಡಿತು. ಆದರೂ ಧುತ್ತರಗಿಯವರು ಸಿನೆಮಾದ ಬೆನ್ನು ಹತ್ತಿ ಮದ್ರಾಸಿನಲ್ಲಿ ಮನೆ ಮಾಡಲಿಲ್ಲ. ಇದೇ ಸೀಮೆಯ ನಾಟಕಕಾರರಾಗಿಯೇ ಉಳಿದರು. ಈ ಶತಮಾನದ ಮೊದಲ ದಶಕದಲ್ಲಿ ತೀರಿಕೊಂಡರು.

ಅವರ ನಾಟಕ ಮಾತ್ರ ಊರು ಬಿಟ್ಟಿಲ್ಲ. ಜಾತ್ರಿ ಬಂತೆಂದರೆ ಹಳ್ಳಿಯ ಹುಡುಗರು ಗದುಗಿನ ಅಂಗಡಿಯಲ್ಲಿ ಪುಸ್ತಕ ಕೊಳ್ಳುತ್ತಾರೆ, ಮಾಸ್ತರನ್ನು ಗೊತ್ತು ಮಾಡಿ ತಾಲೀಮು ಹಚ್ಚುತ್ತಾರೆ, ಸೀನರಿ ಬಾಡಿಗೆಗೆ ತರುತ್ತಾರೆ. ಅಲ್ಲಿ ಎಮ್ಮಿಯ ಹಾಡು ಪುಸ್ತಕದಲ್ಲಿ ಇರಲಿ ಬಿಡಲಿ, ಹಾಡದೆ ಇದ್ದರೆ ಮಂದಿ ಕೆಳಗೆ ಇಳಿಯಗೊಡುವುದಿಲ್ಲ. ಹ್ಯಾಂಡ್‌ಬಿಲ್ಲಿನ ಮೇಲ್ತುದಿಗೆ, ದೇವರ ಹೆಸರಿನ ಕೆಳಗೆ, ಕವಿ ಪಿ.ಬಿ. ಧುತ್ತರಗಿ ಅಂತ ಅಚ್ಚು ಹಾಕಿಸುತ್ತಾರೆ.