ಲೇಡಿ ಮೆಹರ್‌ಬಾಯಿ ಟಾಟಾ

ಉಪ್ಪಾರಪೇಟೆಯಿಂದ ರೈಲು ನಿಲ್ದಾಣದತ್ತ ಹೋಗುವವರಿಗೆ ಗುಬ್ಬಿ ತೋಟದಪ್ಪನವರ ಛತ್ರ ಅಪರಿಚಿತವಲ್ಲ. ಮಕ್ಕಳಿಲ್ಲದ ಆ ವರ್ತಕರು ತಮ್ಮ ಗಳಿಕೆಯನ್ನು ದಾರಿಹೋಕರಿಗಾಗಿ ಧಾರೆಯೆರೆದರು. 1903ರಲ್ಲಿ ಛತ್ರದ ಬಾಗಿಲು ತೆರೆಯಿತು. ಅದೇ ಕಾಲದಲ್ಲಿ ಮುಂಬಯಿಯಲ್ಲಿ ಮಕ್ಕಳಿಲ್ಲದ ಇನ್ನೊಬ್ಬ ದಂಪತಿಗಳಿದ್ದರು. ಅವರ ಸಂಪತ್ತು ಮುಂದೆ ರೋಗಿಗಳ ಪಾಲಾಯಿತು. ಇಂದು ಅರ್ಬುದರೋಗದ ಚಿಕಿತ್ಸೆಗೆಂದು ನಮ್ಮ ನಿಲ್ದಾಣದಿಂದ ಮುಂಬಯಿಯ ರೈಲು ಹತ್ತುವವರು ಟಾಟಾ ಆಸ್ಪತ್ರೆಯ ಹೆಸರನ್ನು ಬಲ್ಲರು. ಆದರೆ ಆ ಆಸ್ಪತ್ರೆಯ ಹಿಂದೆ ಬೆಂಗಳೂರಿನಲ್ಲಿ ಅಕ್ಷರ ಕಲಿತ ಒಬ್ಬ ಮಹಿಳೆಯ ಮರಣವಿದೆಯೆಂಬುದನ್ನು ಬಲ್ಲವರು ವಿರಳ.

ಮೆಹರ್‌ಬಾಯಿ ಹುಟ್ಟಿದ್ದು 1879ರ ಅಕ್ಟೋಬರ್‌ನಲ್ಲಿ, ಪಾರ್ಸಿಗಳ ಭಾಭಾ ಮನೆತನದಲ್ಲಿ. ತಂದೆ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದು, ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾಗಿಯೂ ವಿದ್ಯಾಭ್ಯಾಸ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿಯೂ ಹೆಸರು ಪಡೆದವರು. ಬಾಲಕಿ ಮೆಹರ್‌ಬಾಯಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದಳು. ಅನಂತರ ಮೈಸೂರಿನಲ್ಲಿ ವ್ಯಾಸಂಗವನ್ನು ಮುಂದುವರಿಸಿದಳು. ಹೆಣ್ಣುಮಕ್ಕಳಿಗೆ ಓದು ಬರಹವೇ ಅಪರೂಪವಾಗಿದ್ದ ದಿನಗಳಲ್ಲಿ ಇಂಗ್ಲಿಷ್, ಲ್ಯಾಟಿನ್, ಪಿಯಾನೋ ವಾದನ ಇವೆಲ್ಲವೂ ಆಕೆಗೆ ದೊರೆತವು.

ಆ ಕಾಲಕ್ಕೆ ಜಮ್‌ಶೇಟ್‌ಜಿ ಟಾಟಾ ಅವರಿಗೆ ಮೈಸೂರು ಸೀಮೆಯೊಡನೆ ಬಳಕೆ ಬೆಳೆದಿತ್ತು. ಅವರು ರೇಷ್ಮೆಯ ಪ್ರಯೋಗ ನಡೆಸಿದ ನೆಲ ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರಂ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಭಾಭಾ ಅವರ ಮನೆಯನ್ನು ಕಂಡಿದ್ದ ಜಮ್‌ಶೇಟ್‌ಜಿ, ಹಿರಿಯ ಮಗ ದೊರಾಬ್‌ಜಿಯನ್ನು ಅಲ್ಲಿಗೆ ಹೋಗಿಬರುವಂತೆ ಕಳುಹಿಸಿದರು. ಆ ಪರಿಚಯ ಪ್ರೇಮವಾಗಿ, 1898ರ ಫೆಬ್ರವರಿ 14ರಂದು ವಿವಾಹ ನೆರವೇರಿತು. ವರನಿಗೆ ಮೂವತ್ತೆಂಟು, ವಧುವಿಗೆ ಹದಿನೆಂಟು.

ಜಮ್‌ಶೇಟ್‌ಜಿ 1904ರಲ್ಲಿ ತೀರಿಕೊಂಡ ಮೇಲೆ ತಂದೆಯ ಸಂಕಲ್ಪಗಳ ಭಾರ ದೊರಾಬ್‌ಜಿಯವರ ಮೇಲೆ ಬಿತ್ತು. ಜಮ್‌ಶೇಡ್‌ಪುರದ ಉಕ್ಕಿನ ಕಾರ್ಖಾನೆ, 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವಿಜ್ಞಾನಮಂದಿರ, ಎರಡೂ ಹೀಗೆ ಕೈಗೂಡಿದವು. ಮೆಹರ್‌ಬಾಯಿ ಕೇವಲ ಶ್ರೀಮಂತರ ಮಡದಿಯಾಗಿ ಉಳಿಯಲಿಲ್ಲ. ಸೀರೆಯುಟ್ಟೇ ಟೆನಿಸ್ ಆಡಿ ಬಹುಮಾನಗಳನ್ನು ಗೆದ್ದರು. ಪರದೆಯ ಪದ್ಧತಿಯನ್ನೂ ಅಸ್ಪೃಶ್ಯತೆಯನ್ನೂ ವಿರೋಧಿಸಿದರು. ಭಾರತೀಯ ಮಹಿಳೆಯರ ರಾಷ್ಟ್ರೀಯ ಪರಿಷತ್ತನ್ನು ಕಟ್ಟಿದವರಲ್ಲಿ ಒಬ್ಬರಾದರು. ಬಾಲ್ಯವಿವಾಹವನ್ನು ನಿಷೇಧಿಸುವ 1929ರ ಶಾರದಾ ಕಾಯಿದೆಯ ಪರವಾಗಿ ದುಡಿದರು.

ಪತಿ ಆಕೆಗೆ ಕೊಟ್ಟ ಆಭರಣಗಳಲ್ಲಿ ಜ್ಯೂಬಿಲಿ ವಜ್ರ ಹೆಸರಾದುದು, ತೂಕ 245.35 ಕ್ಯಾರೆಟ್. 1924ರಲ್ಲಿ ಉಕ್ಕಿನ ಕಾರ್ಖಾನೆ ಕೆಲಸಗಾರರ ಸಂಬಳಕ್ಕೂ ಹಣವಿಲ್ಲದ ಸ್ಥಿತಿಗೆ ಬಂದಾಗ ದೊರಾಬ್‌ಜಿ ತಮ್ಮ ಸ್ವಂತ ಆಸ್ತಿಯನ್ನು ಬ್ಯಾಂಕಿಗೆ ಒತ್ತೆಯಿಟ್ಟರು. ಪತ್ನಿಯ ಆಭರಣಗಳೂ ಅದರಲ್ಲಿ ಸೇರಿದ್ದವು. ಕಾರ್ಖಾನೆ ಉಳಿಯಿತು, ಒಡವೆಗಳೂ ಹಿಂದಿರುಗಿದವು.

ಆದರೆ ಹಣದಿಂದ ಬಿಡಿಸಿಕೊಳ್ಳಲಾಗದ ಕಷ್ಟವೊಂದು ಮುಂದೆ ಕಾದಿತ್ತು. ಮೆಹರ್‌ಬಾಯಿಯವರಿಗೆ ಲ್ಯುಕೇಮಿಯಾ, ಎಂದರೆ ರಕ್ತದ ಅರ್ಬುದ ತಗಲಿತು. ದೇಹದಲ್ಲಿ ಬಿಳಿಯ ರಕ್ತಕಣಗಳು ಅಂಕೆಯಿಲ್ಲದೆ ಹೆಚ್ಚಿ, ಆರೋಗ್ಯವಂತ ಕಣಗಳಿಗೆ ಎಡೆಯಿಲ್ಲದಂತೆ ಮಾಡುವ ಈ ರೋಗಕ್ಕೆ ಅಂದು ಜಗತ್ತಿನಲ್ಲೆಲ್ಲೂ ಗುಣಕಾರಿಯಾದ ಮದ್ದಿರಲಿಲ್ಲ. 1931ರ ಜೂನ್ 18ರಂದು ಉತ್ತರ ವೇಲ್ಸ್‌ನ ಚಿಕಿತ್ಸಾಲಯವೊಂದರಲ್ಲಿ ಅವರು ಕೊನೆಯುಸಿರೆಳೆದರು. ವಯಸ್ಸು ಐವತ್ತೊಂದು. ಲಂಡನ್ನಿನ ಸಮೀಪದ ಬ್ರೂಕ್‌ವುಡ್ ಶ್ಮಶಾನದಲ್ಲಿ ಅವರ ಸಮಾಧಿಯಾಯಿತು.

ದೊರಾಬ್‌ಜಿಯವರಿಗಾಗಲೇ ಎಪ್ಪತ್ತು ದಾಟಿತ್ತು. ಶೋಕವನ್ನು ಸಮಾಧಿಯ ಬಳಿಯೇ ಮುಗಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. 1932ರ ಮಾರ್ಚಿಯಲ್ಲಿ ತಮ್ಮ ಸಂಪತ್ತನ್ನೆಲ್ಲ ಒಂದು ಧರ್ಮನಿಧಿಗೆ ವಹಿಸಿದರು; ವಜ್ರವೂ ಅದರೊಡನೆ ಹೋಯಿತು. ಏಪ್ರಿಲಿನಲ್ಲಿ ಪತ್ನಿಯ ಹೆಸರಿನಲ್ಲಿ ಲೇಡಿ ಟಾಟಾ ಸ್ಮಾರಕ ನಿಧಿಯನ್ನು ಸ್ಥಾಪಿಸಿದರು. ಅದರ ವರಮಾನದ ಐದರಲ್ಲಿ ನಾಲ್ಕು ಪಾಲು ಯಾವ ದೇಶದ ವಿದ್ವಾಂಸರೇ ಆಗಲಿ ನಡೆಸುವ ಲ್ಯುಕೇಮಿಯಾ ಸಂಶೋಧನೆಗೆ. ಉಳಿದ ಒಂದು ಪಾಲು ಭಾರತದಲ್ಲಿ ನಡೆಯುವ ಸಂಶೋಧನೆಗೆ.

ಬಡ ದೇಶದ ಹಣ ಹೊರನಾಡಿಗೇಕೆ ಹೋಗಬೇಕೆಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ರೋಗವನ್ನು ಅರಿಯಬಲ್ಲ ಪ್ರಯೋಗಾಲಯಗಳು ಅಂದು ಹೆಚ್ಚಾಗಿ ಹೊರನಾಡುಗಳಲ್ಲಿಯೇ ಇದ್ದವು. ಅಲ್ಲದೆ ಒಂದು ಕಡೆ ಕಂಡುಕೊಂಡ ಮದ್ದು ಗಡಿಗಳನ್ನು ದಾಟಿ ಎಲ್ಲರನ್ನೂ ಮುಟ್ಟುತ್ತದೆ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು, ಈ ರೋಗ ತಗಲಿದ ಮಕ್ಕಳಲ್ಲಿ ಔಷಧದಿಂದ ತಾತ್ಕಾಲಿಕವಾಗಿಯಾದರೂ ಗುಣ ಕಂಡುಬಂದುದನ್ನು ಪ್ರಕಟಿಸಿದರು. ಅಲ್ಲಿಂದ ಮುಂದುವರಿದ ಜ್ಞಾನದ ಫಲವನ್ನು ಇಂದು ನಮ್ಮ ಹಳ್ಳಿಯ ಮಕ್ಕಳೂ ಉಣ್ಣುತ್ತಿದ್ದಾರೆ.

ದೊರಾಬ್‌ಜಿ ಇದಾವುದನ್ನೂ ಕಾಣಲಿಲ್ಲ. ಪತ್ನಿಯ ಸಮಾಧಿಯ ದರ್ಶನಕ್ಕೆಂದು ಹೊರಟವರು 1932ರ ಜೂನ್ 3ರಂದು ಜರ್ಮನಿಯಲ್ಲಿ ಕಣ್ಣುಮುಚ್ಚಿದರು. ಮೆಹರ್‌ಬಾಯಿಯವರ ಪಕ್ಕದಲ್ಲಿಯೇ ಅವರಿಗೂ ನೆಲೆ ದೊರೆಯಿತು. ಹೊರನಾಡಿನಲ್ಲಿ ಪತ್ನಿಗೆ ದೊರೆತಂಥ ಶುಶ್ರೂಷೆ ಭಾರತದಲ್ಲಿಯೂ ದೊರೆಯಬೇಕೆಂಬ ಅವರ ಅಭಿಲಾಷೆಯನ್ನು ನಿಧಿಯ ಧರ್ಮದರ್ಶಿಗಳು ನಡೆಸಿಕೊಟ್ಟರು. 1941ರ ಫೆಬ್ರವರಿ 28ರಂದು ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾಯಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಸೇರಿದಾಗ ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಹೋಮಿ ಭಾಭಾ, ಮೆಹರ್‌ಬಾಯಿಯವರ ಸೋದರನ ಮಗ. ಈ ಹೋಮಿ ಭಾಭಾ ಯುದ್ಧಕಾಲದಲ್ಲಿ ಬೆಂಗಳೂರಿನ ವಿಜ್ಞಾನಮಂದಿರದಲ್ಲಿದ್ದರು. 1945ರಲ್ಲಿ ಅವರು ಅಲ್ಲಿಯೇ ಆರಂಭಿಸಿದ ಮೂಲಭೂತ ಸಂಶೋಧನ ಸಂಸ್ಥೆಗೂ ದೊರಾಬ್‌ಜಿಯವರ ನಿಧಿಯೇ ಆಧಾರವಾಯಿತು.

ಆಪ್ತರನ್ನು ಕಳೆದುಕೊಂಡವರೆಲ್ಲರೂ ನಿಧಿ ಸ್ಥಾಪಿಸಲಾರರು. ಆದರೆ ತಮ್ಮ ಮನೆಯವರನ್ನು ಒಯ್ದ ವ್ಯಾಧಿಯ ಎದುರಿಗೇ ಹೋಗಿ ನಿಲ್ಲುವ ಧೈರ್ಯ ಸಿರಿವಂತರ ಸೊತ್ತಲ್ಲ. ನಮ್ಮ ಊರಿನಲ್ಲಿಯೇ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಆಸ್ಪತ್ರೆಯಿದೆ. ಕೊನೆಯ ಹಂತದ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುವ ಕರುಣಾಶ್ರಯವಿದೆ. ಒಂದು ಮಧ್ಯಾಹ್ನ ಅಪರಿಚಿತ ರೋಗಿಯ ಹಾಸಿಗೆಯ ಬಳಿ ಕುಳಿತು ನೀರು ಕುಡಿಸುವವನು, ಬರೆಯಲು ಬಾರದವರ ಅರ್ಜಿಯನ್ನು ತುಂಬಿಕೊಡುವವಳು ಕೂಡ ತಮ್ಮವರೊಬ್ಬರ ಸ್ಮಾರಕವನ್ನೇ ಕಟ್ಟುತ್ತಿರುತ್ತಾರೆ. ಮೆಹರ್‌ಬಾಯಿಯವರ ಸಮಾಧಿ ದೂರದ ದೇಶದಲ್ಲಿದೆ. ಈ ಕೆಲಸ ನಮ್ಮ ಬಳಿಯಲ್ಲಿದೆ.