ತಪ್ಪನ್ನು ಮುಚ್ಚಿಡದ ಶ್ರಾವಕ

ದಿನದ ಕೊನೆಯಲ್ಲಿ ತನ್ನ ನಡೆನುಡಿಗಳನ್ನು ತಾನೇ ಪರಿಶೀಲಿಸಿ, ಸಂಭವಿಸಿದ ದೋಷಗಳಿಂದ ಹಿಂದಿರುಗುವ ಸಾಧನೆಗೆ ಜೈನಧರ್ಮದಲ್ಲಿ ಪ್ರತಿಕ್ರಮಣವೆಂದು ಹೆಸರು. ಮುನಿಗಳ ಷಡಾವಶ್ಯಕಗಳಲ್ಲಿ ಇದೂ ಒಂದು. ತಪ್ಪೇ ಆಗದಂತೆ ಬಾಳುವುದು ಸಂಸಾರಿಗಳಿಗೆ ಸುಲಭವಲ್ಲ. ಆದ ತಪ್ಪನ್ನು ಕಂಡು, ಒಪ್ಪಿ, ಅದರಿಂದ ಮರಳುವುದು ಮಾತ್ರ ಎಲ್ಲರಿಗೂ ಸಾಧ್ಯ ಎಂಬ ಭರವಸೆ ಈ ಸಾಧನೆಯ ಹಿಂದಿದೆ. ವ್ಯಾಪಾರಿಯಾಗಿ, ಗೃಹಸ್ಥರಾಗಿ ಬಾಳಿದ ಶ್ರಾವಕರೊಬ್ಬರು ತಮ್ಮ ಐವತ್ತೈದು ವರ್ಷಗಳ ಬದುಕನ್ನೇ ಒಂದು ದೀರ್ಘ ಪ್ರತಿಕ್ರಮಣವಾಗಿಸಿ ಲೋಕದ ಮುಂದಿಟ್ಟರು. ಅವರೇ ಕವಿವರ ಬನಾರಸೀದಾಸರು.

ಬನಾರಸೀದಾಸರು ಜನಿಸಿದ್ದು 1586ರಲ್ಲಿ, ಗೋಮತಿ ನದಿಯ ದಡದ ಜೌನಪುರದಲ್ಲಿ. ತಂದೆ ಖರಗಸೇನರು ಶ್ರೀಮಾಲ ಜೈನ ಕುಲದ ರತ್ನವ್ಯಾಪಾರಿಗಳು. ಮಗುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜೀತ. ತೀರ್ಥಂಕರ ಪಾರ್ಶ್ವನಾಥರು ಜನಿಸಿದ ಕಾಶಿಗೆ ಯಾತ್ರೆ ಹೋದಾಗ ಅಲ್ಲಿಯ ಪೂಜಾರಿಯ ಮಾತನ್ನು ನಂಬಿ ತಂದೆ ಆ ಪುಣ್ಯನಗರದ ಹೆಸರನ್ನೇ ಮಗನಿಗೆ ಇಟ್ಟರು. ಹಿರಿಯರಿಗೆ ಮಗನು ಲೆಕ್ಕಪತ್ರ ಕಲಿತು ವ್ಯಾಪಾರದಲ್ಲಿ ನಿಲ್ಲಲೆಂಬ ಆಸೆ. ಮಗನಿಗಾದರೋ ಕಾವ್ಯ, ಛಂದಸ್ಸು, ನಿಘಂಟುಗಳಲ್ಲಿ ಒಲವು.

ಆ ಒಲವಿನೊಂದಿಗೆ ಹದಿಹರೆಯದ ಚಾಪಲ್ಯವೂ ಬೆರೆಯಿತು. ಒಂದೆಡೆ ಮುನಿ ಭಾನುಚಂದ್ರರ ಬಳಿ ಧರ್ಮಪಾಠ, ಇನ್ನೊಂದೆಡೆ ಪ್ರಣಯದ ಅಲೆದಾಟ. ಹೆತ್ತವರ ಬುದ್ಧಿಮಾತು ಕಿವಿಗೆ ಬೀಳಲಿಲ್ಲ. ಶೃಂಗಾರವೇ ಪ್ರಧಾನವಾದ ಸಾವಿರ ಪದ್ಯಗಳ ಕಾವ್ಯವೊಂದನ್ನೂ ಅವರು ಆ ವಯಸ್ಸಿನಲ್ಲೇ ರಚಿಸಿದರು. ಮಾವನ ಮನೆಯಿದ್ದ ಖೈರಾಬಾದಿನಲ್ಲಿ ಮೈತುಂಬ ಹುಣ್ಣೆದ್ದು ಹಾಸಿಗೆ ಹಿಡಿದಾಗ ಹತ್ತಿರ ಬರಲು ಜನ ಹೇಸಿದರು. ಪತ್ನಿ ಮತ್ತು ಅತ್ತೆ ಮಾತ್ರ ಸೇವೆ ಮಾಡಿದರು, ನಾಪಿತನೊಬ್ಬನು ಔಷಧ ನೀಡಿ ಗುಣಪಡಿಸಿದನು. ಆದರೂ ದೇಹ ಚೇತರಿಸಿದೊಡನೆ ಮನಸ್ಸು ಹಳೆಯ ದಾರಿಗೇ ಮರಳಿತು. ದುಃಖವೊಂದೇ ಮನುಷ್ಯನನ್ನು ತಿದ್ದುವುದಿಲ್ಲ. ದುಃಖದ ಕಾರಣವನ್ನು ತನ್ನೊಳಗೆ ಹುಡುಕಿದಾಗ ಮಾತ್ರ ತಿದ್ದುಪಡಿ ಆರಂಭವಾಗುತ್ತದೆ.

ಲೋಭವೂ ಅವರನ್ನು ಬಿಡಲಿಲ್ಲ. ಒಂದು ವರ್ಷ ಗುಟ್ಟಾಗಿ ಮಂತ್ರ ಜಪಿಸಿದರೆ ಆ ಬಳಿಕ ನಿತ್ಯವೂ ಬಾಗಿಲಲ್ಲಿ ಚಿನ್ನದ ನಾಣ್ಯ ದೊರೆಯುವುದೆಂದು ವೇಷಧಾರಿಯೊಬ್ಬನು ನಂಬಿಸಿದನು. ವರ್ಷವಿಡೀ ನಿಷ್ಠೆಯಿಂದ ಜಪ ನಡೆಯಿತು. ಅವಧಿ ಮುಗಿದ ಮುಂಜಾನೆ ಬಾಗಿಲಿಗೆ ಓಡಿ ನೆಲವನ್ನೆಲ್ಲ ಹುಡುಕಿದರೂ ನಾಣ್ಯ ಕಾಣಲಿಲ್ಲ. ಮರುದಿನವೂ ಅಷ್ಟೇ. ಗುರು ಭಾನುಚಂದ್ರರ ಬಳಿ ಎಲ್ಲವನ್ನೂ ತೋಡಿಕೊಂಡಾಗ ಭ್ರಮೆ ಹರಿಯಿತು. ಆಸೆಯ ಕಣ್ಣಿಗೆ ಮೋಸ ಕಾಣುವುದಿಲ್ಲವೆಂಬ ಪಾಠವನ್ನು ಅವರು ಹೀಗೆ ಕಲಿತರು.

1605ರಲ್ಲಿ ಅಕ್ಬರ್ ಬಾದಶಹನ ಮರಣವಾರ್ತೆ ಜೌನಪುರವನ್ನು ತಲುಪಿದಾಗ ಮೆಟ್ಟಿಲ ಮೇಲೆ ಕುಳಿತಿದ್ದ ಬನಾರಸೀದಾಸರು ಆಘಾತದಿಂದ ಕೆಳಗುರುಳಿ ತಲೆಗೆ ಪೆಟ್ಟು ಮಾಡಿಕೊಂಡರು. ಆ ಘಟನೆಯ ನಂತರ ಅವರ ಚಿಂತನೆ ಆಳಕ್ಕಿಳಿಯಿತು. ಒಂದು ದಿನ ಗೆಳೆಯರೊಡನೆ ಗೋಮತಿಯ ಸೇತುವೆಯ ಮೇಲೆ ತಮ್ಮ ಶೃಂಗಾರಕಾವ್ಯವನ್ನು ಓದುತ್ತಿದ್ದರು. ಒಂದು ಸುಳ್ಳಿಗೇ ದುರ್ಗತಿಯುಂಟೆಂದು ಶಾಸ್ತ್ರ ಹೇಳುವಾಗ, ಕಲ್ಪಿತ ವಿಲಾಸಗಳಿಂದಲೇ ತುಂಬಿದ ಈ ಪುಸ್ತಕದ ಗತಿಯೇನೆಂಬ ವಿಚಾರ ಥಟ್ಟನೆ ಮೂಡಿತು. ಹಸ್ತಪ್ರತಿ ನದಿಯ ಪಾಲಾಯಿತು. ಮಿತ್ರರು ಮರುಗಿದರು, ಮನೆಯಲ್ಲಿ ತಂದೆ ನೆಮ್ಮದಿಯ ಉಸಿರುಬಿಟ್ಟರು. ಅಂದಿನಿಂದ ಜಿನದರ್ಶನ, ವ್ರತ, ನಿಯಮಗಳು ಅವರ ಬದುಕಿಗೆ ಬಂದವು.

ಬಳಿಕ ತಂದೆ ರತ್ನ, ತುಪ್ಪ, ಎಣ್ಣೆ, ಬಟ್ಟೆಗಳನ್ನು ಒಪ್ಪಿಸಿ ಅವರನ್ನು ಆಗ್ರಾಕ್ಕೆ ಕಳುಹಿಸಿದರು. ಅನುಭವವಿಲ್ಲದ ವ್ಯಾಪಾರ ನಷ್ಟದಲ್ಲಿ ಕೊನೆಗೊಂಡಿತು. ಜೋಪಾನವಾಗಿಟ್ಟುಕೊಂಡೆನೆಂದು ಭಾವಿಸಿದ ರತ್ನಗಳೂ ಕೈತಪ್ಪಿದವು. ಕಚೋರಿ ಮಾರುವವನೊಬ್ಬನು ತಿಂಗಳುಗಟ್ಟಲೆ ಸಾಲ ಕೊಟ್ಟು ಹೊಟ್ಟೆ ತುಂಬಿಸಿದನು. ಕಾಸು ಕೈಗೆ ಬಂದಾಗ ಬನಾರಸೀದಾಸರು ಆ ಋಣವನ್ನು ತೀರಿಸಿದರು. ಅಷ್ಟೇ ಅಲ್ಲ, ಹೆಸರಿಲ್ಲದ ಆ ಸಾಮಾನ್ಯನ ಔದಾರ್ಯವನ್ನು ತಮ್ಮ ಕಥೆಯಲ್ಲಿ ಕೃತಜ್ಞತೆಯಿಂದ ದಾಖಲಿಸಿದರು.

ಆದರೆ ಅವರ ಬಹುದೊಡ್ಡ ತಪ್ಪು ಘಟಿಸಿದ್ದು ಭೋಗದ ದಾರಿಯಲ್ಲಲ್ಲ, ಅಧ್ಯಾತ್ಮದ ದಾರಿಯಲ್ಲಿ. 1623ರ ಸುಮಾರಿಗೆ ಆಚಾರ್ಯ ಕುಂದಕುಂದರ ಸಮಯಸಾರವು ರಾಜಮಲ್ಲರ ದೇಶಭಾಷೆಯ ಟೀಕೆಯೊಡನೆ ಅವರ ಕೈಸೇರಿತು. ಆತ್ಮನು ಸ್ವಭಾವತಃ ಶುದ್ಧನು, ಕರ್ಮಗಳಿಂದ ಭಿನ್ನನು ಎಂಬ ನಿಶ್ಚಯನಯದ ನಿರೂಪಣೆ ಮನಸೂರೆಗೊಂಡಿತು. ವ್ಯವಹಾರನಯದ ಸ್ಥಾನವನ್ನು ಅರಿಯದೆ, ಆತ್ಮನು ಶುದ್ಧನೇ ಆಗಿರುವಾಗ ಕ್ರಿಯೆಗಳೇಕೆ ಎಂಬ ತೀರ್ಮಾನಕ್ಕೆ ಅವರು ಬಂದರು. ಜಪ, ತಪ, ಸಾಮಾಯಿಕಗಳೊಂದಿಗೆ ಪ್ರತಿಕ್ರಮಣವನ್ನೂ ಕೈಬಿಟ್ಟರು. ಮೂವರು ಮಿತ್ರರೊಡನೆ ಮುಚ್ಚಿದ ಕೋಣೆಯಲ್ಲಿ ವಸ್ತ್ರ ಕಳಚಿ, ತಾವೂ ಮುನಿಗಳೇ ಎಂದುಕೊಂಡು ಕುಣಿದರು. ಜನ ನಿಂದಿಸಿದರು. ಅರಿವು ಮಾತಿನಲ್ಲಿತ್ತು, ಆಚರಣೆ ಶೂನ್ಯವಾಗಿತ್ತು. ತಪ್ಪನ್ನು ತಿದ್ದುವ ಸಾಧನವನ್ನೇ ತ್ಯಜಿಸಿದವರಿಗೆ ತಪ್ಪು ತೋರುವುದಾದರೂ ಹೇಗೆ? ಈ ಗೊಂದಲದಲ್ಲಿ ಸುಮಾರು ಹನ್ನೆರಡು ವರ್ಷಗಳು ಸಂದುಹೋದವು.

1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಗೊಮ್ಮಟಸಾರವನ್ನು ಪ್ರವಚಿಸಿದರು. ಶ್ರವಣಬೆಳಗೊಳದಲ್ಲಿ ಬಾಹುಬಲಿಯ ಮಹಾಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದಲ್ಲಿ ರಚಿಸಿದ ಗ್ರಂಥವಿದು. ಕನ್ನಡನಾಡಿನಲ್ಲಿ ಹೊತ್ತಿಸಿದ ಆ ದೀಪ ಆರು ಶತಮಾನಗಳ ಬಳಿಕ ಯಮುನೆಯ ತೀರದ ವ್ಯಾಪಾರಿಯೊಬ್ಬನ ಕತ್ತಲನ್ನು ಕಳೆಯಿತು. ಮಿಥ್ಯಾತ್ವದಿಂದ ಅಯೋಗಕೇವಲಿಯವರೆಗೆ ಹದಿನಾಲ್ಕು ಗುಣಸ್ಥಾನಗಳಿವೆ, ಆಯಾ ಸ್ಥಾನಕ್ಕೆ ತಕ್ಕ ಆಚರಣೆಯಿದೆ ಎಂಬುದು ಬನಾರಸೀದಾಸರಿಗೆ ಸ್ಪಷ್ಟವಾಯಿತು. ಶಿಖರದ ವರ್ಣನೆಯನ್ನು ಓದಿ ತಾವು ಶಿಖರದಲ್ಲೇ ಇರುವೆವೆಂದು ಭ್ರಮಿಸಿದ್ದರು. ನಿಂತಿದ್ದುದು ಮಾತ್ರ ಕೆಳಗಿನ ಮೆಟ್ಟಿಲಲ್ಲಿ. ಜ್ಞಾನ ಮತ್ತು ಕ್ರಿಯೆಗಳು ಪರಸ್ಪರ ವಿರೋಧಿಗಳಲ್ಲವೆಂದು ತಿಳಿದಾಗ ಸ್ಯಾದ್ವಾದದ ಮರ್ಮ ಅವರಿಗೆ ದಕ್ಕಿತು. ಯಾವ ಗ್ರಂಥವನ್ನು ತಪ್ಪಾಗಿ ಗ್ರಹಿಸಿದ್ದರೋ ಅದೇ ಗ್ರಂಥವನ್ನು ಆಧರಿಸಿ 1636ರಲ್ಲಿ ಸಮಯಸಾರ ನಾಟಕವೆಂಬ ಕಾವ್ಯವನ್ನು ಪೂರ್ಣಗೊಳಿಸಿದರು. ಇಂದಿಗೂ ಅದು ಸ್ವಾಧ್ಯಾಯದ ಗ್ರಂಥವಾಗಿ ಓದಲ್ಪಡುತ್ತಿದೆ.

ಸಂಸಾರದಲ್ಲಿ ಅವರು ಕಂಡ ನೋವು ಅಪಾರ. ಮೂರು ಬಾರಿ ವಿವಾಹವಾಯಿತು. ಏಳು ಗಂಡು, ಎರಡು ಹೆಣ್ಣು, ಒಟ್ಟು ಒಂಬತ್ತು ಮಕ್ಕಳು ಹುಟ್ಟಿ ಒಂಬತ್ತೂ ತೀರಿಕೊಂಡವು. ಈ ಶೂನ್ಯದ ನಡುವೆ, 1641ರಲ್ಲಿ, ಅವರು ಅರ್ಧಕಥಾನಕವನ್ನು ಬರೆದರು. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂಬ ಎಣಿಕೆಯಂತೆ ಐವತ್ತೈದರ ಕಥೆ ಅರ್ಧಕಥೆ. ಹಿಂದಿಯ ಮೊದಲ ಆತ್ಮಕಥೆಯೆಂದು ಪ್ರಸಿದ್ಧವಾದ ಈ ಕೃತಿಯಲ್ಲಿ ಯೌವನದ ಚಾಪಲ್ಯ, ನಾಣ್ಯದ ಆಸೆ, ಕೋಣೆಯ ಕುಣಿತ ಯಾವುದನ್ನೂ ಅವರು ಮರೆಮಾಚಲಿಲ್ಲ. ಕೊನೆಗೆ ತಮ್ಮ ಗುಣಗಳನ್ನೂ ದೋಷಗಳನ್ನೂ ಪಟ್ಟಿಮಾಡಿ, ಕೋಪ, ಮಾನ, ಮಾಯೆಗಳು ನೀರ ಮೇಲಿನ ಗೆರೆಯಂತಾಗಿದ್ದರೂ ಧನದ ಮೋಹ ಇನ್ನೂ ಉಳಿದಿದೆಯೆಂದು ಒಪ್ಪಿಕೊಂಡರು. ಪೂರ್ಣತೆಯನ್ನು ಸಾಧಿಸಿದೆನೆಂದು ಅವರು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಆ ಕಥೆ ಬರೆದ ಬಳಿಕ ಅವರು ಹೆಚ್ಚು ಕಾಲ ಬದುಕಲಿಲ್ಲ. ಉಳಿದರ್ಧ ಬರೆಯದೆಯೇ ಉಳಿಯಿತು.

ಆಲೋಚನೆ, ನಿಂದನೆ, ಗರ್ಹಣೆ ಎಂದು ಜೈನಶಾಸ್ತ್ರವು ದೋಷಶುದ್ಧಿಯ ಕ್ರಮವನ್ನು ಹೇಳುತ್ತದೆ. ದೋಷವನ್ನು ತೆರೆದಿಡುವುದು, ಮನದಲ್ಲಿ ಅದಕ್ಕಾಗಿ ಪಶ್ಚಾತ್ತಾಪ ಪಡುವುದು, ಗುರುವಿನ ಎದುರು ಅದನ್ನು ಒಪ್ಪಿಕೊಳ್ಳುವುದು ಇವುಗಳ ಸಾರ. ಭಾನುಚಂದ್ರರ ಮುಂದೆ ಹುಡುಗನಾಗಿ, ರೂಪಚಂದರ ಮುಂದೆ ಪ್ರೌಢನಾಗಿ ಬನಾರಸೀದಾಸರು ನಡೆದದ್ದು ಈ ದಾರಿಯಲ್ಲೇ. ನಡುವಯಸ್ಸಿನಲ್ಲಿ, ಅದೂ ಹಲವರ ಮೆಚ್ಚುಗೆ ಗಳಿಸಿದ ಮೇಲೆ, ಹನ್ನೆರಡು ವರ್ಷಗಳ ನಂಬಿಕೆ ತಪ್ಪೆಂದು ಒಪ್ಪಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳಲು ಮಾನಕಷಾಯವು ಕರಗಿರಬೇಕು. ಆ ವಿನಯವಿದ್ದ ಶ್ರಾವಕನಿಗೆ ಬದುಕಿನ ಪ್ರತಿಯೊಂದು ತಪ್ಪೂ ಗುಣಸ್ಥಾನದ ಏಣಿಯಲ್ಲಿ ಒಂದು ಮೆಟ್ಟಿಲಾಗಬಲ್ಲದು.