ನೋವಿನ ದೇಹ, ಪ್ರಾರ್ಥನೆಯ ಕೈಗಳು

ಜಾನ್ ಲೊರೆಂಜೊ ಬರ್ನಿನಿ 1598ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಜನಿಸಿದರು. ಶಿಲ್ಪಿಯಾಗಿದ್ದ ತಂದೆಯಿಂದಲೇ ಉಳಿ ಹಿಡಿಯಲು ಕಲಿತು, ರೋಮಿನಲ್ಲಿ ಪೋಪರ ಮೆಚ್ಚಿನ ಶಿಲ್ಪಿಯಾದರು. ಕೀರ್ತಿಯೊಡನೆ ಅಹಂಕಾರವೂ ಬೆಳೆಯಿತು. ತಾವು ಅಕ್ರಮ ಸಂಬಂಧವಿರಿಸಿಕೊಂಡಿದ್ದ ಕೊಸ್ತಾನ್ಸಾ ಎಂಬ ವಿವಾಹಿತ ಸ್ತ್ರೀ ತಮ್ಮ ಸಹೋದರನೊಡನೆಯೂ ಇದ್ದಾಳೆಂದು 1638ರಲ್ಲಿ ತಿಳಿದಾಗ, ಸೇವಕನನ್ನು ಕಳುಹಿಸಿ ಆಕೆಯ ಮುಖವನ್ನು ಕೊಯ್ಯಿಸಿದರು. ಅವರಿಗೆ ವಿಧಿಸಿದ ದಂಡವನ್ನು ಪೋಪ್ ಎಂಟನೇ ಅರ್ಬನ್ ಮನ್ನಾ ಮಾಡಿದರು. ಆಕೆಯ ಗಾಯವನ್ನು ಮನ್ನಾ ಮಾಡುವವರು ಯಾರು?

1639ರಲ್ಲಿ ಬರ್ನಿನಿ ಕತೆರೀನಾ ತೇತ್ಸಿಯೊ ಅವರನ್ನು ವಿವಾಹವಾದರು. ಕ್ರಮೇಣ ಬಲಿಪೂಜೆ, ಪರಮಪ್ರಸಾದ, ಪ್ರಾರ್ಥನೆ ಅವರ ಬಾಳಿನ ಆಧಾರವಾದವು.

1655ರ ಸುಮಾರಿಗೆ, ರೋಮಿನ ಸಾಂತಾ ಮರಿಯಾ ದೆಲ್ ಪೋಪೊಲೊ ದೇವಾಲಯಕ್ಕಾಗಿ ಸಿಂಹದ ಗವಿಯಲ್ಲಿನ ದಾನಿಯೇಲನ ಪ್ರತಿಮೆಯನ್ನು ಕೈಗೆತ್ತಿಕೊಂಡರು. ಅದಕ್ಕಾಗಿ ಕೆಂಪು ಸೀಮೆಸುಣ್ಣದಲ್ಲಿ ಬರೆದ ಚಿತ್ರಗಳು ಜರ್ಮನಿಯ ಲೈಪ್‌ಜಿಗ್‌ನಲ್ಲಿವೆ. ಮೊದಲು ಬರೆದದ್ದು ಹಾವುಗಳ ಹಿಡಿತದಲ್ಲಿ ನರಳುವ ಲಾವೊಕೋನನ ಪುರಾತನ ಪ್ರತಿಮೆಯ ಮುಂಡವನ್ನು. ಹಾಳೆಯಿಂದ ಹಾಳೆಗೆ ಆ ದೇಹ ತಿರುಗಿತು, ಮೊಣಕಾಲೂರಿತು, ಕೈಗಳು ಜೋಡಿದವು. ನೋವಿನ ದೇಹವೇ ಪ್ರಾರ್ಥಿಸುವ ಪ್ರವಾದಿಯಾಯಿತು.

1680ರಲ್ಲಿ ಬರ್ನಿನಿ ಪ್ರಭುವಿನಲ್ಲಿ ನಿದ್ರಿಸಿದರು.

ಪ್ರಿಯರೇ, ಪಶ್ಚಾತ್ತಾಪ ಒಂದೇ ದಿನದ ಕೆಲಸವಲ್ಲ. ದೇವರು ನಮ್ಮ ಹಳೆಯ ಹಾಳೆಯನ್ನು ಹರಿದೆಸೆಯುವುದಿಲ್ಲ, ಗೆರೆಗೆರೆಯಾಗಿ ತಿದ್ದುತ್ತಾರೆ. ಆದರೆ ನಮ್ಮಿಂದ ನೊಂದವರ ಗಾಯ ಹಾಗೆಯೇ ಉಳಿದಿರಬಹುದು. ಇಂದು ಸಂಜೆ ಮನೆಯ ಪೀಠದ ಮುಂದೆ ಕೈಜೋಡಿಸುವಾಗ ಅವರನ್ನೂ ನೆನೆಯೋಣ. ಸಾಧ್ಯವಾದರೆ ಎದ್ದು ಹೋಗಿ ಕ್ಷಮೆ ಬೇಡೋಣ.